ಹದಿನಾರರ ಹುಡುಗಿ, ಫೋನಿನೊಳಗಿನ ಅಂಗಡಿ

ಕಳೆದ ವರ್ಷ ಕೃಷ್ಣಾಷ್ಟಮಿ ಮುಗಿದು ಒಂದು ತಿಂಗಳಾಗಿತ್ತು. ಅಕ್ಕನ ಮಗಳು ಮುಲ್ಕಿಯಿಂದ ಬಸ್ಸು ಹತ್ತಿ ಉಡುಪಿಯ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಚಿಕ್ಕಮ್ಮಾ, ನಂಗೆ ಒಂದು ಜಿಎಸ್‌ಟಿ ನಂಬರ್ ಮಾಡಿಸಿ ಕೊಡ್ತೀರಾ?"

ನಾನು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಆ ಪ್ರಶ್ನೆಯನ್ನು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಆದರೆ ಕೇಳಿದವಳಿಗೆ 16 ವರ್ಷ. ಮೊದಲ ಪಿಯುಸಿ.

ಚಾ ಕುಡಿಯುತ್ತಾ ಒಂದೊಂದೇ ಹೇಳಿದಳು. ಅಷ್ಟಮಿಗೆ ಅವರ ಊರಿನ ಹುಡುಗರು ಹುಲಿವೇಷ ಹಾಕಿದ್ದರು. ಅವರ ಫೋನುಗಳಲ್ಲಿ ತುಂಡು ತುಂಡು ವಿಡಿಯೋಗಳು ರಾಶಿ ಬಿದ್ದಿದ್ದವು. ಇವಳು ಅವನ್ನೆಲ್ಲ ತೆಗೆದುಕೊಂಡು, ಹುಲಿವೇಷಕ್ಕೆ ಬಾರಿಸುವ ತಾಸೆಯ ಬಡಿತಕ್ಕೆ ಸರಿಯಾಗಿ ಹೊಂದಿಸಿ, ಒಂದೂವರೆ ನಿಮಿಷದ ರೀಲ್ ಮಾಡಿಕೊಟ್ಟಳು. ಎರಡು ರಾತ್ರಿಯ ಕೆಲಸ. ತಂಡದವರು ಖುಷಿಯಾಗಿ 1,500 ರೂಪಾಯಿ ಕೊಟ್ಟರು. ಅದನ್ನು ನೋಡಿ ಇನ್ನೊಂದು ತಂಡ ಬಂತು. ಆಮೇಲೆ ಯಾರದೋ ಮನೆಯ ಗೃಹಪ್ರವೇಶದ ಆಮಂತ್ರಣ ಕಾಗದ, ಯಾರದೋ ದೈವದ ನೇಮದ ಕಾಗದ, ಪೇಟೆಯ ಬೇಕರಿಗೆ ವಾಟ್ಸಾಪಿನಲ್ಲಿ ಹಾಕುವ ದರಪಟ್ಟಿ. ಒಂದು ತಿಂಗಳಲ್ಲಿ 9 ಕೆಲಸ, ಒಟ್ಟು 8,400 ರೂಪಾಯಿ. ಎಲ್ಲವನ್ನೂ ಅಕೌಂಟೆನ್ಸಿ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಳು. ಲೆಕ್ಕ ಚೊಕ್ಕ ಇತ್ತು. ನನಗೆ ಹೆಮ್ಮೆಯೇ ಆಯಿತು.

ಜಿಎಸ್‌ಟಿ ಈಗ ಬೇಡ ಎಂದೆ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ನೋಂದಣಿ ಬೇಕಾಗಿಲ್ಲ. ಅವಳಿಗೆ ಸ್ವಲ್ಪ ನಿರಾಸೆ. ಆ ನಂಬರಿದ್ದರೆ ತಾನು ಮಾಡುವುದು ನಿಜವಾದ ಕೆಲಸ ಅಂತ ಜನ ಒಪ್ಪುತ್ತಾರೆ ಎಂದು ಅವಳ ಲೆಕ್ಕಾಚಾರ.

ರಾತ್ರಿ ಅಕ್ಕ ಫೋನ್ ಮಾಡಿದಳು. "ನೀನೇ ಹೇಳು ಮಾರಾಯ್ತಿ, ಇವಳನ್ನು ಬಿಡುವುದಾ, ನಿಲ್ಲಿಸುವುದಾ?" ಭಾವನಿಗೆ ನಿಲ್ಲಿಸಬೇಕು ಅಂತ. ನಮ್ಮ ಊರಿನಲ್ಲಿ ಪಿಯುಸಿ ಅಂದರೆ ಹೇಗೆ ಅಂತ ನಿಮಗೆ ಗೊತ್ತುಂಟಲ್ಲ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಪಕ್ಕದ ಮನೆಯ ಹುಡುಗ ಬೆಳಿಗ್ಗೆ 5 ಗಂಟೆಗೆ ಎದ್ದು ಕೋಚಿಂಗಿಗೆ ಓಡುವಾಗ ಮಗಳು ಬೇಕರಿಯ ದರಪಟ್ಟಿ ಮಾಡುತ್ತಾ ಕೂತರೆ ಯಾವ ಅಪ್ಪನಿಗಾದರೂ ಹೆದರಿಕೆಯಾಗುತ್ತದೆ.

ನನಗೆ ಆ ರಾತ್ರಿ ಬೇರೆಯೇ ಒಂದು ನೆನಪು ಬಂತು. ನಿದ್ದೆ ಬರಲಿಲ್ಲ.

ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ಕಾಪು ಕಡೆಯ ಹಳ್ಳಿ. 90ರ ದಶಕದ ಆರಂಭ. ಆಗ ನಮ್ಮ ಸುತ್ತಲಿನ ಮನೆಗಳಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಹೆಂಗಸರ ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆಯನ್ನು ತೂಗಿ ಕೊಡುತ್ತಿದ್ದರು. ಅದನ್ನು ನೆನೆಸಿ, ಅಳತೆಯ ತಗಡು ಇಟ್ಟು ಕತ್ತರಿಸಿ, ಸುರುಟಿ, ನೂಲು ಸುತ್ತಿ ವಾಪಸು ಕೊಡಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಅಲ್ಲಿ ನೋಡುವವರು ಕಟ್ಟು ಬಿಚ್ಚಿ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಸರಿ ಇಲ್ಲದ್ದು ಪಕ್ಕಕ್ಕೆ. ಪಕ್ಕಕ್ಕೆ ಹೋದದ್ದಕ್ಕೆ ದುಡ್ಡಿಲ್ಲ.

ನನ್ನ ಕೆಲಸ ಬೀಡಿಯ ಬಾಯಿ ಮಡಚುವುದು. ಅಮ್ಮ ಸುರುಟಿ ಹಾಕಿದ್ದರ ತುದಿಯನ್ನು ಒಳಕ್ಕೆ ಮಡಚಿ ಮುಚ್ಚಬೇಕು. ಸುಲಭದ ಕೆಲಸ. ಶಾಲೆಯಿಂದ ಬಂದ ಮೇಲೆ ಶುರು, ಕೆಲವೊಮ್ಮೆ ರಾತ್ರಿ 10ರ ತನಕ. ಯಾರೂ ಹೊಡೆದು ಕೂರಿಸಿದ್ದಲ್ಲ. ಅಮ್ಮನ ಬೆನ್ನು ನೋಯುವುದು ಕಾಣುತ್ತಿತ್ತು, ಕೂರುತ್ತಿದ್ದೆ. ನಾಳೆ ಕನ್ನಡ ಪರೀಕ್ಷೆ ಇದ್ದರೂ ಕೂರುತ್ತಿದ್ದೆ. ಯಾಕೆಂದರೆ ಶನಿವಾರದ ಮಜೂರಿಯಲ್ಲಿ ಅಕ್ಕಿ ಬರಬೇಕಿತ್ತು.

ಮಕ್ಕಳನ್ನು ಬೀಡಿ ಕೆಲಸಕ್ಕೆ ಹಾಕಬಾರದು ಎಂದು 1986ರ ಬಾಲಕಾರ್ಮಿಕ ಕಾನೂನು ಹೇಳಿತ್ತು. ಆದರೆ ಮನೆಯವರ ಜೊತೆ ಮನೆಯಲ್ಲೇ ಮಾಡುವ ಕೆಲಸಕ್ಕೆ ಅದೇ ಕಾನೂನು ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಕಾನೂನು ನಮ್ಮ ಹೊಸ್ತಿಲ ತನಕ ಬಂದು ನಿಂತಿತು. ಒಳಗೆ ಬರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಫೋನಿನ ಕೆಲಸವೂ ಹೊಸ್ತಿಲೊಳಗಿನ ಕೆಲಸವೇ. ಅದಕ್ಕೂ ತುಂಡಿಗಿಷ್ಟು ಎಂದೇ ಮಜೂರಿ. ಅಲ್ಲೂ ಯಾರೋ ಒತ್ತಿ ನೋಡಿ ಪಕ್ಕಕ್ಕೆ ಹಾಕುತ್ತಾರೆ. ಮಗು ರೂಮಿನಲ್ಲಿ ಓದುತ್ತಿದೆಯಾ, ಯಾರದೋ ಹನ್ನೊಂದನೇ ತಿದ್ದುಪಡಿ ಮಾಡುತ್ತಿದೆಯಾ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಬೀಡಿಯಾದರೂ ಮೊರದಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಆದರೂ ನಾನು ನಿಲ್ಲಿಸು ಎನ್ನಲಿಲ್ಲ. ಬೀಡಿಯ ಬಾಯಿ ಮಡಚುವಾಗ ನನಗೆ ಏನೂ ಹೊಸದು ಬರಲಿಲ್ಲ. ಮೊದಲ ದಿನ ಗೊತ್ತಿದ್ದಷ್ಟೇ ಕೊನೆಯ ದಿನವೂ ಗೊತ್ತಿತ್ತು. ಇವಳು ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆಯವಳೇ ಆಗುತ್ತಿದ್ದಳು. ಕನ್ನಡ ಅಕ್ಷರವನ್ನೇ ತೆಗೆದುಕೊಳ್ಳಿ. ಫೋನಿನಲ್ಲಿ ಟೈಪ್ ಮಾಡಿದ್ದನ್ನು ಕೆಲವು ಡಿಸೈನ್ ಸಾಫ್ಟ್‌ವೇರಿಗೆ ತಂದು ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತದೆ. 'ಶ್ರೀಕೃಷ್ಣ' ಚೂರು ಚೂರಾಗಿ ಬೀಳುತ್ತದೆ. ಯಾವುದರಲ್ಲಿ ಸರಿ ನಿಲ್ಲುತ್ತದೆ, ಯಾವ ಫಾಂಟನ್ನು ದುಡ್ಡು ಕೊಡದೆ ಬಳಸಬಹುದು ಅಂತ ಹುಡುಕಿ ಹುಡುಕಿ ಬಾಲೂ ತಮ್ಮ, ನೋಟೋ ಎಂದೆಲ್ಲ ನನಗೇ ಪಾಠ ಹೇಳತೊಡಗಿದಳು. ಕದ್ದ ಸಾಫ್ಟ್‌ವೇರ್ ಬೇಡ ಎಂದು ನಾನು ಹೇಳಿದ ಮೇಲೆ ಇಂಕ್‌ಸ್ಕೇಪ್ ಕಲಿತಳು. ಅದು ಉಚಿತ.

ಇನ್ನೊಂದು ಘಟನೆ ಉಂಟು. ಒಂದು ಗೃಹಪ್ರವೇಶದ ಕಾಗದದಲ್ಲಿ ಮನೆಯ ಹಿರಿಯಮ್ಮನ ಹೆಸರಿನ ಮುಂದೆ 'ದಿವಂಗತ' ಎಂದು ಹಾಕುವುದು ಬಿಟ್ಟು ಹೋಗಿತ್ತು. ಅವರು ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಕಾಗದ ಆಗಲೇ ನಾಲ್ಕು ವಾಟ್ಸಾಪ್ ಗುಂಪಿಗೆ ಹೋಗಿತ್ತು. ಆ ಮನೆಯ ಮಗ ಫೋನಿನಲ್ಲಿ ಮಾತೇ ಆಡಲಿಲ್ಲವಂತೆ. ಅಕ್ಕ ಮಗಳನ್ನು ಕರೆದುಕೊಂಡು ಸೀದಾ ಅವರ ಮನೆಗೆ ಹೋದಳು. ಅಂಗಳದಲ್ಲಿ ನಿಂತು ಹುಡುಗಿ, "ತಪ್ಪಾಯ್ತು, ನಾನು ಕೇಳ್ಬೇಕಿತ್ತು" ಎಂದಳು. ಅವರು ಕೂರಿಸಿ ಎಳನೀರು ಕೆತ್ತಿ ಕೊಟ್ಟರು. ಆ ಅಮ್ಮನ ಫೋಟೋ ತೋರಿಸಿದರು. ಅಂದಿನಿಂದ ಇವಳು ಯಾವ ಕಾಗದವನ್ನೂ ಸುಮ್ನೆ ಕಳುಹಿಸುವುದಿಲ್ಲ. ಮನೆಯವರಿಗೆ ಫೋನ್ ಮಾಡಿ ಹೆಸರು, ತಾರೀಕು, ಮುಹೂರ್ತ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅವರು ಹೂಂ ಎಂದ ಮೇಲೆಯೇ ಕಳುಹಿಸುವುದು.

ಇದನ್ನು ಯಾವ ಕಾಲೇಜು ಕಲಿಸುತ್ತದೆ ಹೇಳಿ?

ಇದಾಗಿದ್ದು ಊರೊಳಗಿನ ಕೆಲಸದಲ್ಲಿ. ನಡೆದು ಹೋಗುವಷ್ಟು ದೂರದಲ್ಲಿ ಆ ಮನೆ ಇತ್ತು. ಹಾಗಾಗಿ ತಪ್ಪನ್ನು ತಿದ್ದಲಿಕ್ಕಾಯಿತು. ಡಿಸೆಂಬರಿನಲ್ಲಿ ಬಂದದ್ದು ಬೇರೆ ತರಹದ್ದು.

ಮಂಗಳೂರಿನ ಒಂದು ಅಂಗಡಿಯವರು ಇನ್‌ಸ್ಟಾಗ್ರಾಮಿನಲ್ಲಿ ಇವಳ ಕೆಲಸ ನೋಡಿ ಮೆಸೇಜ್ ಮಾಡಿದರು. 30 ಪೋಸ್ಟರ್ ಬೇಕು, 6,000 ರೂಪಾಯಿ, ಅರ್ಧ ಮುಂಗಡ. ಇವಳು ಯಾರನ್ನೂ ಕೇಳದೆ ಒಪ್ಪಿಕೊಂಡಳು. ಮೊದಲ ವಾರ ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು. ಬಣ್ಣ ಬದಲಿಸು. ಮೊದಲಿನದ್ದೇ ಇತ್ತಲ್ಲ, ಅದೇ ಹಾಕು. ಹತ್ತು ನಿಮಿಷದಲ್ಲಿ ಕಳಿಸು. ರಾತ್ರಿ ಹನ್ನೊಂದೂವರೆಗೆ ಮೆಸೇಜ್. ಅರ್ಧವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಎದುರಿಗಿರುವವಳಿಗೆ 16 ವರ್ಷ ಅಂತ ಅವರಿಗೆ ಗೊತ್ತಿರಲಿಲ್ಲ, ಇವಳು ಹೇಳಿರಲಿಲ್ಲ. ಅಕೌಂಟೆನ್ಸಿ ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಅಕ್ಕ ನೀರು ಕುಡಿಯಲಿಕ್ಕೆ ಎದ್ದಾಗ ರೂಮಿನಲ್ಲಿ ಬೆಳಕು. ಹುಡುಗಿ ಅಳುತ್ತಾ ಪೋಸ್ಟರ್ ಮಾಡುತ್ತಿದ್ದಳು.

ಮರುದಿನ ನಾನು ಮುಲ್ಕಿಗೆ ಹೋದೆ. ಬಿಟ್ಟುಬಿಡು ಎಂದೆ. ಅವಳು ನನ್ನ ಮುಖ ನೋಡಿ ಹೇಳಿದಳು, "ಹೇಗೆ ಬಿಡುವುದು ಚಿಕ್ಕಮ್ಮಾ? ನಾನು ಒಪ್ಪಿಕೊಂಡಿದ್ದೆ ಅಲ್ವಾ?"

ಆ ಮಾತು ನನ್ನ ಎದೆಗೆ ನಾಟಿತು. ಒಳ್ಳೆಯ ಹುಡುಗಿಯ ಮಾತು ಅದು. ಕೊಟ್ಟ ಮಾತಿಗೆ ನಿಲ್ಲಬೇಕು ಅಂತ ನಾವೇ ಕಲಿಸಿದ್ದು. ನಾನು 13 ವರ್ಷದಲ್ಲಿ ಮೊರದ ಮುಂದಿನಿಂದ ಏಳಲಾರದೆ ಕೂತದ್ದೂ ಹೀಗೆಯೇ.

ಆಗ ಅವಳಿಗೆ ಒಂದು ಕೇಸಿನ ಕತೆ ಹೇಳಿದೆ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರುವ ಕೇಸು. 1895. ಕಲ್ಕತ್ತೆಯ ಧರ್ಮೋದಾಸ್ ಘೋಷ್ ಎಂಬ ಹುಡುಗ ಸಾಹುಕಾರನೊಬ್ಬನಿಂದ ಸಾಲಕ್ಕಾಗಿ ಮನೆ ಅಡವಿಡುತ್ತಾನೆ. 20,000 ರೂಪಾಯಿಯ ಪತ್ರ. ಹುಡುಗ ಇನ್ನೂ ಅಪ್ರಾಪ್ತ. ಪತ್ರ ಆಗುವುದಕ್ಕೆ ಮೊದಲೇ ಅವನ ತಾಯಿ ವಕೀಲರ ಮೂಲಕ ಸಾಹುಕಾರನ ಕಡೆಯವರಿಗೆ ಕಾಗದ ಬರೆಸಿದ್ದರು. ಇವನು ಇನ್ನೂ ಚಿಕ್ಕವನು, ಇವನಿಗೆ ಸಾಲ ಕೊಟ್ಟರೆ ನಷ್ಟ ಕೊಟ್ಟವರದೇ ಎಂದು. ಆದರೂ ಅವರು ಸಹಿ ಹಾಕಿಸಿಕೊಂಡರು. ಕೇಸು ಆಗಿನ ಅತಿ ದೊಡ್ಡ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1903ರಲ್ಲಿ ತೀರ್ಪು ಬಂತು. ಅಪ್ರಾಪ್ತರ ಜೊತೆ ಮಾಡಿಕೊಂಡ ಒಪ್ಪಂದ ಒಪ್ಪಂದವೇ ಅಲ್ಲ, ಹುಟ್ಟುವಾಗಲೇ ಸತ್ತದ್ದು. ಸಾಹುಕಾರನ ಕಡೆಯವರಿಗೆ ಸಾಲದ ಹಣ ವಾಪಸು ಸಿಗಲಿಲ್ಲ. 1872ರ ಕರಾರು ಕಾಯಿದೆಯ 11ನೇ ಸೆಕ್ಷನ್ನಿಗೆ ಇವತ್ತಿಗೂ ಇದೇ ಅರ್ಥ. 18 ತುಂಬದವರು ಕರಾರು ಮಾಡಲಾರರು.

ಈ ಸೆಕ್ಷನ್ನನ್ನು ಎಷ್ಟೋ ವರ್ಷ ನಾನು ಒಂದು ತಡೆ ಎಂದೇ ನೋಡಿದ್ದೆ. ಮಕ್ಕಳು ವ್ಯವಹಾರ ಮಾಡುವ ಹಾಗಿಲ್ಲ, ಅಷ್ಟೆ. ಅವಳ ಎದುರು ಕೂತು ಹೇಳುವಾಗ ಮೊದಲ ಸಲ ಅದರ ಇನ್ನೊಂದು ಮುಖ ಕಂಡಿತು. 18ರ ಒಳಗಿನವರು ಕೊಟ್ಟ ಮಾತಿನಿಂದ ಹಿಂದೆ ಬರಬಹುದು ಎಂದು ಈ ದೇಶದ ಕಾನೂನೇ ಜಾಗ ಬಿಟ್ಟಿದೆ. ಮಗು ಮಾತು ಕೊಡುತ್ತದೆ, ಆ ಮಾತಿನ ಭಾರ ಎಷ್ಟು ಎಂದು ಅದಕ್ಕೆ ಇನ್ನೂ ತಿಳಿದಿರುವುದಿಲ್ಲ. ಹಾಗಾಗಿ ಭಾರ ದೊಡ್ಡವರ ಕಡೆಗಿರಲಿ ಎಂದು. ಆ ಜಾಗವನ್ನು ಫೋನು ಕಿತ್ತುಕೊಳ್ಳುತ್ತದೆ. ಸ್ಟಾರ್ ಕಡಿಮೆ ಬೀಳುತ್ತದೆ, ಸ್ಕ್ರೀನ್‌ಶಾಟ್ ಹಾಕುತ್ತಾರೆ, ಇನ್ಯಾರೂ ಕೆಲಸ ಕೊಡುವುದಿಲ್ಲ ಎನ್ನುವ ಹೆದರಿಕೆ ಕೋರ್ಟಿಗಿಂತ ಗಟ್ಟಿಯಾಗಿ ಮಗುವನ್ನು ಕಟ್ಟಿಹಾಕುತ್ತದೆ.

ಆ ಸಂಜೆ ಅಂಗಡಿಯವರಿಗೆ ನಾನೇ ಬರೆದೆ. ಈ ಕೆಲಸ ಮಾಡುತ್ತಿರುವುದು 16 ವರ್ಷದ ವಿದ್ಯಾರ್ಥಿನಿ, ಇಷ್ಟು ಪೋಸ್ಟರ್ ಆಗಿದೆ, ಮುಂಗಡಕ್ಕೆ ಅದು ಸರಿಹೋಗುತ್ತದೆ, ಇಲ್ಲಿಗೆ ನಿಲ್ಲಿಸುತ್ತೇವೆ ಎಂದು. ಅವರಿಗೆ ಸಿಟ್ಟು ಬಂತು. ಮಕ್ಕಳನ್ನು ಯಾಕೆ ವ್ಯವಹಾರಕ್ಕೆ ಬಿಡುತ್ತೀರಿ ಎಂದು ಕೇಳಿದರು. ನಿಜ ಹೇಳಬೇಕೆಂದರೆ, ಕೇಳಿದ್ದರಲ್ಲಿ ಅನ್ಯಾಯ ಏನಿರಲಿಲ್ಲ. ಲೆಕ್ಕ ನೋಡಿದರೆ ಮುಂಗಡಕ್ಕಿಂತ ಜಾಸ್ತಿ ಕೆಲಸ ಇವಳು ಮಾಡಿ ಕೊಟ್ಟಿದ್ದಳು. ಆ ದುಡ್ಡು ಬರಲಿಲ್ಲ. ಮಗುವಿನ ಕರಾರಿಗೆ ಬೆಲೆ ಇಲ್ಲದಿರುವಾಗ ಬಾಕಿ ಹಣ ಕೇಳಲಿಕ್ಕೂ ಕೈಯಲ್ಲಿ ಗಟ್ಟಿ ಕಾಗದ ಇರುವುದಿಲ್ಲ. ಆ ನಷ್ಟ ಇರಲಿ ಬಿಡು ಎಂದೆ.

ಆಮೇಲೆ ಅವಳು, ಅಕ್ಕ, ಭಾವ, ನಾನು ನಾಲ್ಕೂ ಜನ ಊಟದ ಮೇಜಿನಲ್ಲಿ ಕೂತೆವು. ಭಾವನಿಗೆ ಈಗಲಾದರೂ ನಿಲ್ಲುತ್ತದೆ ಎಂಬ ಆಸೆ. ನಾನು ಮುಂದುವರಿಸಲಿ ಎಂದೆ. ಆದರೆ ಬೇರೆ ರೀತಿಯಲ್ಲಿ.

ಕೆಲಸ ಕೊಡುವವರು ಮೊದಲು ಅಕ್ಕನ ಹತ್ತಿರ ಮಾತಾಡಬೇಕು. ನಂಬರೂ ಅಕ್ಕನದೇ. ಹೆಣ್ಣುಮಗುವಿನ ನಂಬರು ಕಾಗದದ ಮೂಲೆಯಲ್ಲಿ ಅಚ್ಚಾಗಿ ಊರೂರು ಸುತ್ತುವುದು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಹುಡುಗಿಗೆ 16, ಓದುತ್ತಿದ್ದಾಳೆ ಎಂದು ಮೊದಲೇ ಹೇಳಿಬಿಡುವುದು. ರೇಟು ಮೊದಲೇ, ತಿದ್ದುಪಡಿ ಮೂರೇ ಸಲ. ರಾತ್ರಿ 9ಕ್ಕೆ ಫೋನು ಅಡಿಗೆಮನೆಯ ಡ್ರಾಯರಿಗೆ. ಫೆಬ್ರವರಿ ಬಂದರೆ ಅಂಗಡಿ ಬಂದ್. ದೂರದ ಕೆಲಸ 18 ಆದ ಮೇಲೆ. ಅಪ್‌ವರ್ಕ್‌ನಂಥ ಆನ್‌ಲೈನ್ ಕೆಲಸ ಸಿಗುವ ಕಡೆ ಸೇರಲಿಕ್ಕೆ 18 ಆಗಿರಲೇಬೇಕು, ಯೂಟ್ಯೂಬಿನ ದುಡ್ಡು ಬರುವ ಆಡ್‌ಸೆನ್ಸ್ ಖಾತೆಗೂ ಅಷ್ಟೇ. ಹುಟ್ಟಿದ ವರ್ಷ ಸುಳ್ಳು ಹಾಕಿ ಒಳಗೆ ಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಮೊದಲ ವ್ಯವಹಾರವೇ ಸುಳ್ಳಿನಿಂದ ಶುರುವಾಗುವುದು ಬೇಡ.

ಇದಕ್ಕೆಲ್ಲ ಭಾವ ಒಪ್ಪಿದರು. ಒಂದು ಮಾತಿಗೆ ಮಾತ್ರ ಬಿಸಿಯಾಯಿತು. ನವೆಂಬರಿನಲ್ಲಿ ಅವರಿಗೆ ಕೈ ಕಟ್ಟಿದಾಗ ಮಗಳ ದುಡ್ಡಿನಿಂದ 4,000 ತೆಗೆದು ಅವಳ ತಮ್ಮನ ಶಾಲೆಯ ಫೀಸು ಕಟ್ಟಿದ್ದರು. ಅವಳೇ ಖುಷಿಯಿಂದ ಕೊಟ್ಟಿದ್ದಳು. ನಾನು ಅದನ್ನು ವಾಪಸು ಹಾಕಿ ಎಂದೆ. ಮನೆಯೊಳಗೆ ಇದೆಂಥ ಲೆಕ್ಕ ಎಂದು ಅವರಿಗೆ ಬೇಜಾರಾಯಿತು.

ನನ್ನ ಅತಿ ದೊಡ್ಡ ಹೆದರಿಕೆ ಇದೇ. ಮಗುವಿನ ಸಂಪಾದನೆ ಮನೆಯ ಖರ್ಚಿನ ಲೆಕ್ಕಕ್ಕೆ ಒಮ್ಮೆ ಸೇರಿತೋ, ಆಮೇಲೆ ಮಗು ಏಳಲಾರದು. ಯಾರೂ ಕಟ್ಟಿಹಾಕುವುದು ಬೇಡ, ತಾನೇ ಕೂರುತ್ತದೆ. ನಾನು ಕೂತ ಹಾಗೆ. ಬಡತನ ಇದ್ದರೆ ಏನು ಮಾಡುವುದು ಎಂದು ಕೇಳುತ್ತೀರಿ. ಗೊತ್ತು, ಅಮ್ಮನಿಗೂ ಬೇರೆ ದಾರಿ ಇರಲಿಲ್ಲ. ಅಮ್ಮನನ್ನು ನಾನು ದೂರುವುದಿಲ್ಲ. ಆದರೆ ಭಾವನಿಗೆ ದಾರಿ ಇತ್ತು. ಎರಡು ತಿಂಗಳಲ್ಲಿ ವಾಪಸು ಹಾಕಿದರು.

ಅಮ್ಮನದೇ ಅಂತ ಇದ್ದದ್ದು ಪಿಗ್ಮಿ ಎನ್ನುವ ದಿನದಿನದ ಉಳಿತಾಯ ಮಾತ್ರ. ದಿನಕ್ಕೆ ಎರಡು ರೂಪಾಯಿ. ಪಿಗ್ಮಿಯವರು ಸಂಜೆ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು, ಅಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದರು. ಉಡುಪಿಯಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ 2 ಆಣೆಯಿಂದ ಶುರು ಮಾಡಿದ ಕ್ರಮ ಅದು. ನನ್ನ ಬಿ.ಕಾಂ. ಫೀಸು ಆ ಪಿಗ್ಮಿಯಿಂದ ಬಂತು. ಹಾಗಾಗಿ ಅಕ್ಕನ ಮಗಳಿಗೆ ಅವಳದೇ ಹೆಸರಿನಲ್ಲಿ ಖಾತೆ ಮಾಡಿಸಿದೆ. 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆಯನ್ನು ಬ್ಯಾಂಕುಗಳು ಕೊಡಬಹುದು ಎಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಹೇಳಿದೆ. ಎಷ್ಟು ಹಣದ ತನಕ ಎನ್ನುವುದನ್ನು ಆಯಾ ಬ್ಯಾಂಕು ತೀರ್ಮಾನಿಸುತ್ತದೆ. ಪ್ಯಾನ್ ಕಾರ್ಡು ಅಪ್ಪನ ಸಹಿಯಲ್ಲಿ ಆಯಿತು. ತೆರಿಗೆಯ ಕಾನೂನಿನಲ್ಲೂ ಒಂದು ಒಳ್ಳೆಯ ಮಾತುಂಟು. ಮಕ್ಕಳ ಹೆಸರಿನ ಆದಾಯ ಸಾಮಾನ್ಯವಾಗಿ ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ಆದರೆ ಮಗು ತನ್ನ ಕೌಶಲದಿಂದ, ಸ್ವಂತ ದುಡಿಮೆಯಿಂದ ಗಳಿಸಿದ್ದು ಮಗುವಿನದೇ. ಆ ಹಣ ಬ್ಯಾಂಕಿನಲ್ಲಿ ಕೂತು ತಂದ ಬಡ್ಡಿ ಮಾತ್ರ ದೊಡ್ಡವರ ಲೆಕ್ಕಕ್ಕೆ. ಇದನ್ನು ಭಾವನಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿದರು.

ನಮ್ಮಲ್ಲಿ ಮಕ್ಕಳು ದುಡಿಯುವ ಮಾತು ಬಂದಾಗೆಲ್ಲ ಯಾರಾದರೂ ಹಿರಿಯರು ಮುಂಬಯಿಯ ಕತೆ ತೆಗೆಯುತ್ತಾರೆ. ನಮ್ಮವರು 12-13 ವರ್ಷಕ್ಕೇ ಓಡಿಹೋಗಿ ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಹೋಟೆಲಿನ ಧಣಿಗಳಾದರು ಎಂದು. ಸುಳ್ಳಲ್ಲ. ನಮ್ಮ ಸೋದರಮಾವ ಹಾಗೆಯೇ ಹೋದವರು. ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದರು. ಆದರೆ ಅವರ ಜೊತೆ ಒಂದೇ ಬಸ್ಸಿನಲ್ಲಿ ಹೋದ ಇನ್ನಿಬ್ಬರು ಹುಡುಗರ ಬಗ್ಗೆ ಕೇಳಿದರೆ ಮಾವ ಮಾತು ಬದಲಿಸುತ್ತಿದ್ದರು. ಒಬ್ಬ ವಾಪಸು ಬರಲೇ ಇಲ್ಲ. ಧಣಿಗಳಾದವರ ಫೋಟೋ ಊರಿನ ಶಾಲೆಯ ಗೋಡೆಯಲ್ಲಿ ಉಂಟು. ಉಳಿದವರದ್ದು ಎಲ್ಲೂ ಇಲ್ಲ. ಚಿಕ್ಕ ವಯಸ್ಸಿನಲ್ಲಿ ದುಡಿದದ್ದರಿಂದ ಮೇಲೆ ಬಂದರು ಎನ್ನುವವರು ಆ ರಾತ್ರಿ ಶಾಲೆಯನ್ನು ಮರೆಯುತ್ತಾರೆ. ದಣಿದು ಬಂದ ಹುಡುಗನಿಗಾಗಿ ಯಾರೋ ದೀಪ ಹಚ್ಚಿಟ್ಟು ಕಾಯುತ್ತಿದ್ದರು. ಮಾವ ಮುಂಬಯಿಯ ಬಗ್ಗೆ ಹೇಳುವಾಗ ಹೋಟೆಲಿನ ಹೆಸರಿಗಿಂತ ಮೊದಲು ಮೇಷ್ಟ್ರ ಹೆಸರು ಹೇಳುತ್ತಿದ್ದರು.

ಈಗ ಅವಳು ಎರಡನೇ ಪಿಯುಸಿ. ಜನವರಿಯಲ್ಲಿ ಕೆಲಸ ಕಡಿಮೆ ಮಾಡಿದಳು, ಫೆಬ್ರವರಿಯಲ್ಲಿ ನಿಲ್ಲಿಸಿದಳು, ಪರೀಕ್ಷೆ ಆದ ಮೇಲೆ ಏಪ್ರಿಲ್, ಮೇ ಎರಡು ತಿಂಗಳು ಮದುವೆ ಸೀಸನ್ನಿನಲ್ಲಿ ಚೆನ್ನಾಗಿ ಮಾಡಿದಳು. ಅಂಕ ಮೊದಲಿಗಿಂತ ಜಾಸ್ತಿಯೂ ಬರಲಿಲ್ಲ, ಕಡಿಮೆಯೂ ಆಗಲಿಲ್ಲ. ಖಾತೆಯಲ್ಲಿ 22,000 ಚಿಲ್ಲರೆ ಉಂಟು.

ಈ ಸಲದ ಅಷ್ಟಮಿಗೆ ಎರಡು ವಾರ ಇರುವಾಗ ಫೋನ್ ಮಾಡಿದಳು. ಅದೇ ಹುಲಿವೇಷದ ತಂಡ ಮತ್ತೆ ಕೇಳಿತ್ತಂತೆ. ಈ ಸಲ 3,000 ಕೊಡ್ತೇವೆ ಎಂದಿದ್ದರಂತೆ.

"ನೀನು ಏನು ಹೇಳಿದೆ?"

"ಟೆಸ್ಟ್ ಉಂಟು ಅಣ್ಣಾ, ಈ ಸಲ ಆಗುದಿಲ್ಲ ಅಂದೆ. ಅವರು ಹೌದಾ, ಸರಿ, ಓದು ಓದು ಅಂದ್ರು. ಅಷ್ಟೇ. ಬೇಜಾರು ಮಾಡ್ಲಿಲ್ಲ ಚಿಕ್ಕಮ್ಮಾ." ಅವಳ ದನಿಯಲ್ಲಿ ಆಶ್ಚರ್ಯವಿತ್ತು.

ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ದಿನ ಮಧ್ಯಾಹ್ನ ನನ್ನ ಜೊತೆ ರಥಬೀದಿಗೆ ಬಂದಳು. ಜನ ಅಂದರೆ ಜನ. ಮೊಸರು ಕುಡಿಕೆ ಒಡೆದು ನೆಲವೆಲ್ಲ ಜಾರುತ್ತಿತ್ತು. ಹುಲಿಗಳು ಬಂದವು. ಸುತ್ತ ಎಲ್ಲರ ಕೈಯೂ ಫೋನು ಹಿಡಿದು ಮೇಲೆ. ಇವಳ ಫೋನು ಚೀಲದಲ್ಲೇ ಇತ್ತು. ತಾಸೆ ಜೋರಾದಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಪೆಟ್ಟು ಬಿದ್ದ ಕಡೆಗೆಲ್ಲ ಅವಳ ಬೆರಳು ನನ್ನ ಅಂಗೈಯಲ್ಲಿ ಒತ್ತುತ್ತಿತ್ತು. "ಇಲ್ಲಿ ಕಟ್ ಮಾಡ್ಬೇಕು," ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಿ."